ಕೊಲೆಗಾರ ಗಂಡೋ ಹೆಣ್ಣೋ ಅಂತ ಕನ್ನಡದಲ್ಲಿ ಮುಚ್ಚಿಡೋದು ಹೇಗೆ?

ಮಸಿಕುಡಿಕೆ:
ಸೈಕಲಾಜಿಕಲ್ ಥ್ರಿಲ್ಲರ್ ಬರೆಯೋರಿಗೆ, ಓದೋರಿಗೆ ಒಂದು ಪ್ರಶ್ನೆ. ಕಾದಂಬರಿಯ ನಡುನಡುವೆ ಕೊಲೆಗಾರನ ಮನಸ್ಸಿನೊಳಗಿಂದ ಸಣ್ಣ ಸಣ್ಣ ಅಧ್ಯಾಯ, ಒಂದೊಂದೂ ಮುನ್ನೂರು ನಾನ್ನೂರು ಪದ. ಯಾರು ಅನ್ನೋದು ಕೊನೇವರೆಗೂ ಗೊತ್ತಾಗಬಾರದು, ಗಂಡೋ ಹೆಣ್ಣೋ ಅನ್ನೋದೂ ಗೊತ್ತಾಗಬಾರದು. ಇಂಗ್ಲಿಷಿನಲ್ಲಾದರೆ ಸರ್ವನಾಮ ತಪ್ಪಿಸಿದರೆ ಮುಗೀತು. ಕನ್ನಡದಲ್ಲಿ ಸರ್ವನಾಮ ಕಿತ್ತು ಹಾಕಿದರೂ ಕ್ರಿಯಾಪದ ಬಾಯಿಬಿಡುತ್ತೆ. ‘ಬಾಗಿಲು ತೆಗೆದಳು’, ‘ಬಾಗಿಲು ತೆಗೆದ’. ಪ್ರತಿ ವಾಕ್ಯದ ಬಾಲದಲ್ಲೂ ಗುಟ್ಟು ರಟ್ಟು.

ಎರಡನೇದು, ಒಂದು ಉಪಕಥೆ ಇದೆ. ಗಂಡ ತನ್ನ ಹೆಂಡತಿಗೆ ತಲೆ ಕೆಟ್ಟಿದೆ ಅಂತ ಅವಳನ್ನೇ ನಂಬಿಸಿ, ಕೊನೆಗೆ ಆಸ್ಪತ್ರೆಗೆ ಸೇರಿಸ್ತಾನೆ. ಇದರಲ್ಲಿ ಎಲ್ಲೆಲ್ಲಿ ಎಡವಬಹುದು?

ಚಿಲಕ:
ಶೀರ್ಷಿಕೆಯಲ್ಲೇ ‘ಕೊಲೆಗಾರ’ ಅಂದು ಗಂಡು ಮಾಡಿಬಿಟ್ರಲ್ಲ ಸ್ವಾಮಿ. ‘ಕೊಂದವರು’ ಅನ್ನಿ.

ಹಳೇಮೇಷ್ಟ್ರು:
ಕನ್ನಡದಲ್ಲಿ ದಾರಿ ಇಲ್ಲ ಅಂತ ತುಂಬ ಜನ ಕೈಚೆಲ್ತಾರೆ. ಇಂಗ್ಲಿಷಿಗಿಂತ ಹೆಚ್ಚು ದಾರಿ ಇಲ್ಲೇ ಇದೆ. ಲಿಂಗ ಕಾಣೋದು ಪ್ರಥಮ ಪುರುಷದ (ಅವನು, ಅವಳು) ಏಕವಚನದಲ್ಲಿ ಮಾತ್ರ, ಅದೂ ಎಲ್ಲ ರೂಪಗಳಲ್ಲಿ ಅಲ್ಲ. ಬರೆಯುವಾಗ ಕೈಗೆ ಸಿಗೋ ಸಾಮಾನು ಹೇಳ್ತೀನಿ.

‘ತಾನು, ತನ್ನ, ತನಗೆ’ ಇದಕ್ಕೆ ಲಿಂಗವೇ ಇಲ್ಲ. ‘ತನಗೆ ಭಯವಾಯಿತು’, ‘ತನ್ನ ಉಸಿರು ತನಗೇ ಕೇಳಿಸಿತು’. ನಿಮ್ಮ ಇಡೀ ಅಧ್ಯಾಯದ ಬೆನ್ನೆಲುಬು ಇದೇ ಆಗಬೇಕು, ಯಾಕಂದ್ರೆ ‘ತಾನು’ ಬಂದ ಕೂಡಲೇ ಓದುಗ ಆ ಮನಸ್ಸಿನ ಒಳಗೆ ಇಳಿದುಬಿಟ್ಟಿರ್ತಾನೆ.

ನಿಷೇಧ ರೂಪ ನೋಡಿ. ‘ಬರಲಿಲ್ಲ, ನೋಡಲಿಲ್ಲ, ಒತ್ತಲಿಲ್ಲ’ ಅವನಿಗೂ ಅದೇ, ಅವಳಿಗೂ ಅದೇ, ನನಗೂ ಅದೇ. ಏನು ಮಾಡಿದರು ಅನ್ನೋ ಬದಲು ಏನು ಮಾಡಲಿಲ್ಲ ಅಂತ ಬರೆದರೆ ಲಿಂಗವೂ ಹೋಗುತ್ತೆ, ಮೇಲಿಂದ ದಿಗಿಲೂ ಹುಟ್ಟುತ್ತೆ. ‘ದೀಪ ಹಾಕಲಿಲ್ಲ’ ಅನ್ನೋದು ‘ಕತ್ತಲಲ್ಲಿ ನಿಂತ’ ಅನ್ನೋದಕ್ಕಿಂತ ಯಾವತ್ತೂ ಜೋರು.

ಅಂಗಾಂಗಗಳನ್ನು ಕರ್ತೃ ಮಾಡಿ: ‘ಕೈ ಗೋಡೆ ಸವರಿತು’, ‘ಕಾಲು ಮೆಟ್ಟಿಲ ಮೇಲೆ ನಿಂತಿತು’. ಪುಟಕ್ಕೆ ಎರಡು ಸಾಕು, ಹೆಚ್ಚಾದರೆ ಕೈಕಾಲುಗಳೇ ಓಡಾಡ್ತಿರೋ ಭೂತದ ಕಥೆ ಆಗುತ್ತೆ.

ಇನ್ನು ‘ಆಗಿತ್ತು’. ‘ಕೀಲಿಗೆ ಎಣ್ಣೆ ಬಿಟ್ಟಾಗಿತ್ತು’. ಕೆಲಸ ಮುಗಿದಿದೆ, ಮಾಡಿದವರು ಇಲ್ಲ. ‘ಬೇಕು, ಬೇಡ, ಗೊತ್ತು, ಸಾಕು’ ಇವೂ ಅಷ್ಟೇ.

ಇಷ್ಟನ್ನೂ ಒಂದೇ ಪ್ಯಾರಾದಲ್ಲಿ ಕಲಸಿ ಹಾಕಬೇಕು. ಒಂದೇ ತಂತ್ರಕ್ಕೆ ಜೋತುಬಿದ್ದರೆ ಐದನೇ ವಾಕ್ಯಕ್ಕೆ ಓದುಗನಿಗೆ ಏನೋ ಮುಚ್ಚಿಡ್ತಿದ್ದಾರೆ ಅಂತ ವಾಸನೆ ಹೊಡೆಯುತ್ತೆ.

ಪೇಡೆಊರು:
ಬಹುವಚನ ಮರತ್ರಿ ಮೇಷ್ಟ್ರ. ‘ಬಂದರು, ಹೋದರು’ ಅಂತ ಗೌರವ ಕೊಟ್ಟಬಿಟ್ರ ಮುಗೀತಲ್ಲ? ನಮ್ಮ ಕಡೆ ‘ಬಂದಾನ, ಬಂದಾಳ’ದಾಗ ಲಿಂಗ ಎದ್ದು ಕಾಣತದ, ‘ಬಂದಾರ’ದಾಗ ಕಾಣಂಗಿಲ್ಲ.

ಹಳೇಮೇಷ್ಟ್ರು:
ಮರೆತಿಲ್ಲ, ಬೇಕಂತಲೇ ಬಿಟ್ಟೆ. ಉಳಿದೋರೆಲ್ಲ ‘ಬಂದ, ಹೋದಳು’, ಈ ಒಬ್ಬರಿಗೆ ಮಾತ್ರ ‘ಬಂದರು’ ಅಂದ್ರೆ ಆ ಗೌರವವೇ ಬೆರಳು ತೋರಿಸುತ್ತೆ. ಆ ದಾರಿ ಹಿಡಿಯೋದಾದ್ರೆ ಮೊದಲ ಪುಟದಿಂದ ದೊಡ್ಡವರೆಲ್ಲರಿಗೂ ‘ಅವರು’ ಬರಬೇಕು, ಅದಕ್ಕೊಂದು ಕಾರಣವೂ ಇರಬೇಕು. ಕಥೆ ಹೇಳೋದು ಮನೆಕೆಲಸದ ಹುಡುಗ, ಇಲ್ಲಾ ಹಾಸ್ಟೆಲ್ ವಿದ್ಯಾರ್ಥಿ ಆದ್ರೆ ಸಹಜವಾಗಿ ಕೂರುತ್ತೆ.

ಕಡಲತಡಿ:
ಹವ್ಯಕ ಭಾಷೆಯಲ್ಲಿ ಬರೆಯಿರಿ ಮಾರಾಯ್ರೆ. ಅದರಲ್ಲಿ ಹೆಂಗಸರಿಗೂ ‘ಅದು ಬಂತು’ ಎಂದೇ ಉಂಟು.

ಚಿಲಕ:
ಹವ್ಯಕರಿಗೆ ಹೆಂಗಸು ಅಂತ ಅಲ್ಲೇ ಗೊತ್ತಾಗುತ್ತೆ. ಮಂಡ್ಯದೋರು ಕೊಂದಿದ್ದು ನಾಯಿ ಅಂದ್ಕೋತಾರೆ.

ಮೂರನೇಸಾಲು:
ಇಷ್ಟೆಲ್ಲ ಸರ್ಕಸ್ ಯಾಕೆ? ‘ನಾನು’ ಅಂತ ಬರೀರಿ. ‘ಬಂದೆ, ತೆಗೆದೆ, ಕೊಂದೆ’. ಉತ್ತಮ ಪುರುಷಕ್ಕೆ ಲಿಂಗ ಇಲ್ಲ.

ಅಲ್ಲಿ ಸಿಕ್ಕಿಬೀಳೋದು ಬೇರೆ ಕಡೆ, ಸಂಬೋಧನೆಯಲ್ಲಿ. ಎದುರಿನೋರು ‘ಅಕ್ಕ’ ಅಂದ್ರೂ ಹೋಯ್ತು, ‘ಅಣ್ಣ’ ಅಂದ್ರೂ ಹೋಯ್ತು. ‘ಟೀಚರ್’ ಅಂದ್ರೆ ಹೆಂಗಸು, ‘ಮೇಷ್ಟ್ರು’ ಅಂದ್ರೆ ಗಂಡಸು ಅಂತ ನಮ್ಮ ಓದುಗ ತಾನೇ ತೀರ್ಮಾನ ಮಾಡ್ತಾನೆ. ‘ಡಾಕ್ಟ್ರೇ’, ‘ಲಾಯರ್ರೇ’ ಎರಡೂ ಕಡೆ ನಡೆಯುತ್ತೆ. ಹೆಸರು ಇಡಲೇಬೇಕು ಅಂದ್ರೆ ಶಶಿ, ಮಣಿ, ಕಿರಣ್ ಥರದ್ದು.

ಆಮೇಲೆ ‘ನಾನು’ ಕಥೆಯಲ್ಲಿ ನಿಜವಾದ ಚಿನ್ನ ಇರೋದು ಸಹಾಯಕ ಕ್ರಿಯಾಪದದಲ್ಲಿ. ಮೂರು ವಾಕ್ಯ ನೋಡಿ:

‘ಕಿಟಕಿ ತೆರೆದೆ.’
‘ಕಿಟಕಿ ತೆರೆದುಬಿಟ್ಟೆ.’
‘ಕಿಟಕಿ ತೆರೆದಿಟ್ಟೆ.’

ಮೊದಲನೇದರಲ್ಲಿ ಏನೂ ಇಲ್ಲ. ಎರಡನೇದು ಯೋಚನೆ ಮಾಡದೆ ಆಗಿಹೋಯ್ತು ಅನ್ನುತ್ತೆ, ಕ್ಷಮೆ ಕೇಳೋ ದನಿ ಅದು. ಮೂರನೇದರಲ್ಲಿ ಮುಂದಕ್ಕೆ ಬೇಕಾಗುತ್ತೆ ಅಂತ ಲೆಕ್ಕ ಹಾಕಿದ್ದಾರೆ. ಎಂಟನೇ ಅಧ್ಯಾಯದಲ್ಲಿ ‘ಸೆಕೆ ಇತ್ತು, ಕಿಟಕಿ ತೆರೆದಿಟ್ಟು ಮಲಗಿದೆ’ ಅಂತ ಬರೆದುಬಿಡಿ. ಯಾರೂ ನಿಲ್ಲಲ್ಲ ಅಲ್ಲಿ. ಕೊಲೆಗಾರ ಒಳಗೆ ಬಂದಿದ್ದು ಕಿಟಕಿಯಿಂದ ಅಂತ ಇಪ್ಪತ್ತನೇ ಅಧ್ಯಾಯದಲ್ಲಿ ಗೊತ್ತಾದಾಗ ಹಿಂದೆ ತಿರುಗಿಸಿ ನೋಡಿದೋರಿಗೆ ಆ ‘ಇಟ್ಟು’ ಕುಟುಕುತ್ತೆ. ಪೊಲೀಸರಿಗೆ ಹೇಳಿಕೆ ಕೊಡುವಾಗ ಅದೇ ಮನುಷ್ಯ ‘ತೆರೆದುಬಿಟ್ಟಿದ್ದೆ ಸಾರ್’ ಅನ್ನಲಿ. ಸುಳಿವು ಅಂದ್ರೆ ಅಷ್ಟೇ, ರಕ್ತ ಹತ್ತಿದ ಕರ್ಚೀಫು ಬೇಡ.

ಹಳೇಮೇಷ್ಟ್ರು:
ಇದು ಮಾತು. ಇದರ ಜೊತೆಗೆ ‘ಅಂತೆ’ಯನ್ನೂ ಸೇರಿಸಿ. ತಾನು ಕಣ್ಣಾರೆ ಕಂಡಿದ್ದಕ್ಕೆ ಯಾರೂ ‘ಅಂತೆ’ ಹಾಕಲ್ಲ. ಇಡೀ ಅಧ್ಯಾಯ ‘ರಾಯರು ಊಟ ಮಾಡಿದರಂತೆ, ಮಾತ್ರೆ ತಗೊಂಡರಂತೆ’ ಅಂತ ಬಂದು, ಒಂದು ಕಡೆ ಮಾತ್ರ ‘ಲೋಟ ಕೆಳಗೆ ಬಿತ್ತು’ ಅಂತ ಅಂತೆ ಇಲ್ಲದೆ ಬಂದರೆ, ಅಲ್ಲಿದ್ದರು ಅಂತ ಅರ್ಥ. ಬೇರೆ ಭಾಷೆಗೆ ಅನುವಾದ ಮಾಡೋರಿಗೆ ಇದು ಕಷ್ಟ. ಅವರ ಪಾಡು ಅವರಿಗೆ.

ರೀಲುಡಬ್ಬಿ:
ಪುಸ್ತಕದವರಿಗೆ ಕ್ರಿಯಾಪದದ ಕಾಟ, ಸಿನಿಮಾದವರಿಗೆ ಮುಖ ಮತ್ತು ದನಿಯ ಕಾಟ. 1960ರ ‘ಸೈಕೋ’ದಲ್ಲಿ ಹಿಚ್‌ಕಾಕ್ ಇದನ್ನ ಹೇಗೆ ನಿಭಾಯಿಸಿದ ಅನ್ನೋದನ್ನ ಬಿಡಿಬಿಡಿಯಾಗಿ ನೋಡಬೇಕು. ಕೊಲ್ಲೋದು ಅಮ್ಮ ಅಂತ ಕಾಣುತ್ತೆ, ನಿಜದಲ್ಲಿ ಅಮ್ಮನ ವೇಷ ಹಾಕಿದ ಮಗ, ಆಂಟನಿ ಪರ್ಕಿನ್ಸ್ ಮಾಡಿದ ಪಾತ್ರ. ಆ ಅಮ್ಮನ ದನಿ ಒಬ್ಬರದ್ದಲ್ಲ. ಇಬ್ಬರು ನಟಿಯರು, ಒಬ್ಬ ಗಂಡಸು, ಮೂವರ ದನಿ ಬೆರೆಸಿದ್ದು. ಸಾಲಿಂದ ಸಾಲಿಗೆ ಬದಲಾಗೋದ್ರಿಂದ ಕಿವಿಗೆ ಹಿಡಿತ ಸಿಗಲ್ಲ. ಷವರ್ ದೃಶ್ಯದಲ್ಲಿ ಚಾಕು ಹಿಡಿದಿರೋದು ಆಂಟನಿ ಪರ್ಕಿನ್ಸ್ ಅಲ್ಲವೇ ಅಲ್ಲ, ಬೇರೆ ಡಬಲ್. ಆ ವಾರ ಪರ್ಕಿನ್ಸ್ ನ್ಯೂಯಾರ್ಕಿನಲ್ಲಿದ್ದ.

ಇನ್ನೊಂದು ಮೆಟ್ಟಿಲಿಂದು. ಅಮ್ಮನನ್ನ ಎತ್ತಿಕೊಂಡು ಕೆಳಗಿನ ನೆಲಮಾಳಿಗೆಗೆ ಹೋಗೋ ದೃಶ್ಯ. ಮುಖ ತೋರಿಸೋ ಹಾಗಿಲ್ಲ. ಬೆನ್ನಿಗೆ ಕ್ಯಾಮೆರಾ ಇಟ್ಟರೆ ‘ಮುಚ್ಚಿಡ್ತಿದ್ದಾರೆ’ ಅಂತ ಪ್ರೇಕ್ಷಕ ಹೇಳ್ತಾನೆ. ಅದಕ್ಕೆ ಕಟ್ ಇಲ್ಲದೆ ಕ್ಯಾಮೆರಾ ಮೇಲೆ ಏರಿಸಿ ಛಾವಣಿಯಿಂದ ಕೆಳಗೆ ನೋಡೋ ಹಾಗೆ ಮಾಡಿ, ಅದೇ ಹೊತ್ತಿಗೆ ತಾಯಿ ಮಗನ ಜಗಳ ಕೇಳಿಸಿದ. ಪ್ರೇಕ್ಷಕನ ಕಿವಿ ಜಗಳದಲ್ಲಿ, ಕಣ್ಣು ಮೋಸ ಹೋಯ್ತು. ಮಸಿಕುಡಿಕೆಯವರೇ, ನಿಮಗೂ ಇದೇ ಸೂತ್ರ. ಮುಚ್ಚಿಡೋ ವಾಕ್ಯದಲ್ಲಿ ಓದುಗನಿಗೆ ಬೇರೆ ಏನಾದ್ರೂ ತಿನ್ನೋಕೆ ಕೊಡಿ.

ಪಾಪ್‌ಕಾರ್ನ್:
ರೀ ಸ್ಪಾಯ್ಲರ್ ಹಾಕೋ ಮುಂಚೆ ಒಂದು ಮಾತು ಹೇಳೋಕೆ ಆಗಲ್ವಾ? ನೋಡಿರಲಿಲ್ಲ ನಾನು.

ರೀಲುಡಬ್ಬಿ:
ಆರು ದಶಕ ದಾಟಿದ ಸಿನಿಮಾಗೆ ಸ್ಪಾಯ್ಲರ್ ಏನ್ರೀ? ನಾಳೆ ರಾಮಾಯಣದಲ್ಲಿ ರಾವಣ ಸಾಯ್ತಾನೆ ಅನ್ನೋದಕ್ಕೂ ಎಚ್ಚರಿಕೆ ಹಾಕ್ಬೇಕಾ?

ಪಾಪ್‌ಕಾರ್ನ್:
ರಾವಣನ ವಿಷಯ ಬೇರೆ. ಥ್ರಿಲ್ಲರ್‌ಗೆ ಇರೋದೇ ಅದೊಂದು ಬಂಡವಾಳ.

ಕತ್ತಲಕೋಣೆ:
ಅದೊಂದೇ ಬಂಡವಾಳ ಆದ್ರೆ ಅದು ಎರಡನೇ ಸಲ ನೋಡೋ ಸಿನಿಮಾನೇ ಅಲ್ಲ. ಸೈಕಲಾಜಿಕಲ್ ಅನ್ನೋ ಪದ ಹಚ್ಚಬೇಕು ಅಂದ್ರೆ ಗೊತ್ತಿದ್ದೂ ನೋಡಿದಾಗ ಹೊಟ್ಟೆಯಲ್ಲಿ ಕಿವುಚಬೇಕು. ಪತ್ತೇದಾರಿ ಬೇರೆ, ಇದು ಬೇರೆ. ಪತ್ತೇದಾರಿಯಲ್ಲಿ ‘ಯಾರು’ ಅನ್ನೋದು ಪ್ರಶ್ನೆ, ಇದರಲ್ಲಿ ‘ನಾನು ಕಂಡಿದ್ದು ನಿಜಾನಾ’ ಅನ್ನೋದು.

ಆದ್ರೆ ಮೂಲ ಪ್ರಶ್ನೆಯಲ್ಲಿ ಒಂದು ವಿಷಯ ಯಾರೂ ಮುಟ್ಟಲಿಲ್ಲ. ಮುಚ್ಚಿಡೋದು ಸರಿ, ಸುಳ್ಳು ಹೇಳೋದು ಸರಿಯಾ? 1926ರ ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್’ ತಗೊಳ್ಳಿ (ಪಾಪ್‌ಕಾರ್ನ್ ಅವರೇ, ಕಣ್ಣು ಮುಚ್ಚಿಕೊಳ್ಳಿ). ಕಥೆ ಹೇಳೋನೇ ಕೊಲೆಗಾರ. ಕಾಗದ ಒಳಗೆ ಬಂದಿದ್ದು 8.40ಕ್ಕೆ, ನಿರೂಪಕ ಕೋಣೆ ಬಿಟ್ಟಿದ್ದು 8.50ಕ್ಕೆ. ಎರಡೂ ನಿಜ. ನಡುವಿನ ಹತ್ತು ನಿಮಿಷ ಅವನು ಬರೆಯೋದೇ ಇಲ್ಲ. ಒಂದು ಪದವೂ ಸುಳ್ಳಲ್ಲ.

ಹಿಚ್‌ಕಾಕ್ 1950ರ ‘ಸ್ಟೇಜ್ ಫ್ರೈಟ್’ನಲ್ಲಿ ಸುಳ್ಳು ಫ್ಲ್ಯಾಶ್‌ಬ್ಯಾಕ್ ತೋರಿಸಿದ. ಆಮೇಲೆ ತಾನೇ ಅದು ತಪ್ಪಾಯ್ತು ಅಂತ ಫ್ರೆಂಚ್ ನಿರ್ದೇಶಕ ತ್ರುಫೋಗೆ ಹೇಳಿದ. ಬಾಯಲ್ಲಿ ಸುಳ್ಳು ಹೇಳಿದರೆ ಪ್ರೇಕ್ಷಕ ಕ್ಷಮಿಸ್ತಾನೆ, ಕಣ್ಣಿಗೆ ಸುಳ್ಳು ತೋರಿಸಿದರೆ ಕ್ಷಮಿಸಲ್ಲ.

ಮೂರನೇಸಾಲು:
ಒಪ್ಪಲ್ಲ. ಅದೇ 1950ರಲ್ಲಿ ಕುರೊಸಾವನ ‘ರಾಶೋಮನ್’ ಬಂತು. ಅಲ್ಲೂ ಕಣ್ಣಿಗೇ ಸುಳ್ಳು ತೋರಿಸಿದ್ದಾರೆ, ಒಂದಲ್ಲ ನಾಲ್ಕು ಸಲ. ಜಗತ್ತು ಹೊಗಳಿತು.

ಕತ್ತಲಕೋಣೆ:
ಅಲ್ಲಿ ಒಂದೇ ಘಟನೆಗೆ ನಾಲ್ಕು ಹೇಳಿಕೆ. ಎರಡನೇ ಹೇಳಿಕೆ ಬಂದಾಗಲೇ ಯಾರೋ ಸುಳ್ಳು ಹೇಳ್ತಿದ್ದಾರೆ ಅಂತ ಪ್ರೇಕ್ಷಕನ ಕೈಗೆ ತಕ್ಕಡಿ ಬರುತ್ತೆ. ‘ಉಳಿದವರು ಕಂಡಂತೆ’ (2014) ಹೆಸರಲ್ಲೇ ಆ ತಕ್ಕಡಿ ಕೊಟ್ಟುಬಿಡುತ್ತೆ. ‘ಸ್ಟೇಜ್ ಫ್ರೈಟ್’ನಲ್ಲಿ ಕೊನೇವರೆಗೂ ತಕ್ಕಡಿ ಕೊಡಲ್ಲ, ತೂಕ ಮಾತ್ರ ಮೋಸ. ವ್ಯತ್ಯಾಸ ಇರೋದು ಸುಳ್ಳಿನಲ್ಲಲ್ಲ.

ಮೂರನೇಸಾಲು:
ಹ್ಞೂಂ. ತಕ್ಕಡಿ ಮಾತು ಒಪ್ಪಿದೆ. ಆದರೂ ಆ ಸಿನಿಮಾಗೆ ಅಷ್ಟು ಬೈಯೋ ಅಗತ್ಯ ಇರಲಿಲ್ಲ.

ಫ್ಯೂಸ್‌ವೈರ್:
ಎರಡನೇ ಪ್ರಶ್ನೆಗೆ ಬರ್ತೀನಿ. ಹೆಂಡತಿಯನ್ನ ಹುಚ್ಚಿ ಅಂತ ನಂಬಿಸೋ ಕಥೆಗಳ ತಾಯಿಬೇರು ಪ್ಯಾಟ್ರಿಕ್ ಹ್ಯಾಮಿಲ್ಟನ್ನನ 1938ರ ನಾಟಕ ‘ಗ್ಯಾಸ್ ಲೈಟ್’. 1940ರಲ್ಲಿ ಬ್ರಿಟನ್ನಿನಲ್ಲಿ, 1944ರಲ್ಲಿ ಅಮೆರಿಕದಲ್ಲಿ ಸಿನಿಮಾ ಆಯ್ತು. ಎರಡನೇದಕ್ಕೆ ಇಂಗ್ರಿಡ್ ಬರ್ಗ್‌ಮನ್‌ಗೆ ಆಸ್ಕರ್ ಬಂತು. ಅದರ ಯಂತ್ರ ಎಷ್ಟು ಸರಳ ನೋಡಿ: ಮನೆಯ ದೀಪಗಳಿಗೆಲ್ಲ ಒಂದೇ ಗ್ಯಾಸ್ ಲೈನು. ಗಂಡ ಗುಟ್ಟಾಗಿ ಮೇಲಿನ ಮಹಡಿಯಲ್ಲಿ ದೀಪ ಹಚ್ಚಿದಾಗ ಒತ್ತಡ ಇಳಿದು ಕೆಳಗಿನ ದೀಪ ಮಂಕಾಗುತ್ತೆ. ಹೆಂಡತಿ ಕಂಡಿದ್ದು ನಿಜ. ಅವನು ನಿನ್ನ ಭ್ರಮೆ ಅಂತಾನೆ. ದೀಪ ಅವಳನ್ನ ಹೆದರಿಸೋಕೆ ಮಾಡಿದ ತಂತ್ರ ಅಲ್ಲ, ಅವನ ಕಳ್ಳತನದ ಸುಳಿವು. ನಕಲು ಮಾಡೋರೆಲ್ಲ ಇದನ್ನ ಬಿಟ್ಟು ಬರೀ ಹೆದರಿಸೋದನ್ನ ಇಟ್ಕೋತಾರೆ, ಅದಕ್ಕೇ ಕಥೆ ಟೊಳ್ಳಾಗುತ್ತೆ.

ನಮ್ಮ ಕಡೆಗೆ ತರೋದು ಸುಲಭ. ತೋಟದ ಮನೆ, ಉದ್ದ ಸರ್ವಿಸ್ ವೈರು, ಬಾವಿ ಮೋಟರ್. ಮೋಟರ್ ಸ್ಟಾರ್ಟ್ ಆಗೋ ಕ್ಷಣದಲ್ಲಿ ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೆಯುತ್ತೆ, ವೋಲ್ಟೇಜ್ ಕುಸಿದು ಅಡುಗೆಮನೆ ಬಲ್ಬು ಒಂದು ಸಲ ಕಣ್ಣು ಹೊಡೆಯುತ್ತೆ. ರಾತ್ರಿ ಎರಡು ಗಂಟೆಗೆ ಬಲ್ಬು ಹಾಗೆ ಮಾಡಿದರೆ ಯಾರೋ ಬಾವಿ ಹತ್ತಿರ ಇದ್ದಾರೆ. ಗಂಡ ‘ಲೈನ್ ಪ್ರಾಬ್ಲಂ ಕಣೇ, ಮಲಕ್ಕೋ’ ಅಂತಾನೆ.

ರೀಲುಡಬ್ಬಿ:
ಚೆನ್ನಾಗಿದೆ, ಆದ್ರೆ ಈಗೆಲ್ಲ ಎಲ್‌ಇಡಿ. ಒಳ್ಳೆ ಎಲ್‌ಇಡಿಗೆ ಡ್ರೈವರ್ ಇರುತ್ತೆ, ವೋಲ್ಟೇಜ್ ಇಳಿದರೂ ಬೆಳಕು ಇಳಿಯಲ್ಲ.

ಫ್ಯೂಸ್‌ವೈರ್:
ಸರಿ ಹೇಳಿದ್ರಿ. ಹಾಗಾದ್ರೆ ದೇವರ ಕೋಣೆಯ ಹಳೇ ಜೀರೋ ಬಲ್ಬು ಇಡಿ, ಅದರಲ್ಲಿ ತಂತಿ ಇರುತ್ತೆ. ಇನ್ನೂ ಚೆನ್ನಾಯ್ತು: ಹಾಲ್‌ನ ಎಲ್‌ಇಡಿ ಅಲ್ಲಾಡಲ್ಲ, ದೇವರ ದೀಪ ಮಾತ್ರ ಮಂಕಾಗುತ್ತೆ. ಅತ್ತೆ ಅದಕ್ಕೊಂದು ಅರ್ಥ ಹಚ್ಚೋದು ಗ್ಯಾರಂಟಿ. ಮನೆಗೆ ಯುಪಿಎಸ್ ಇದ್ರೆ ಆ ಬಲ್ಬು ಅದರ ಲೈನಿನಲ್ಲಿ ಇರಬಾರದು, ನೋಡ್ಕೊಳ್ಳಿ.

ಕಡಲತಡಿ:
ಅತ್ತೆ ಬಂದ ಕೂಡಲೇ ಕಥೆ ಸೀರಿಯಲ್ ಆಯಿತು.

ಬಿಳಿಕೋಟು:
ಆಸ್ಪತ್ರೆಗೆ ಸೇರಿಸೋ ಭಾಗದಲ್ಲಿ ಬಹಳ ಜನ ಹಳೇ ಸಿನಿಮಾ ನೋಡಿಕೊಂಡು ಬರೀತಾರೆ. ಗಂಡ ಫೋನ್ ಮಾಡ್ತಾನೆ, ವ್ಯಾನ್ ಬರುತ್ತೆ, ಎತ್ತಾಕ್ಕೊಂಡು ಹೋಗ್ತಾರೆ. ಇಂದಿನ ಕಾಲದ ಕಥೆಯಾದ್ರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಡ್ಡ ಬರುತ್ತೆ. ಒಪ್ಪಿಗೆ ಇಲ್ಲದೆ ದಾಖಲು ಮಾಡೋದು 89ನೇ ಸೆಕ್ಷನ್. ಅರ್ಜಿ ಕೊಡಬೇಕಾದ್ದು ನಾಮನಿರ್ದೇಶಿತ ಪ್ರತಿನಿಧಿ, ಅಂದ್ರೆ ಚಿಕಿತ್ಸೆಯ ವಿಷಯದಲ್ಲಿ ರೋಗಿಯ ಪರವಾಗಿ ನಿಲ್ಲೋರು. ಒಬ್ಬ ಮನೋವೈದ್ಯರು, ಜೊತೆಗೆ ಇನ್ನೊಬ್ಬ ಮಾನಸಿಕ ಆರೋಗ್ಯ ವೃತ್ತಿಪರರೋ ವೈದ್ಯರೋ, ಇಬ್ಬರೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಿರಬೇಕು, ಅದೂ ದಾಖಲಾತಿಯ ದಿನ ಅಥವಾ ಹಿಂದಿನ 7 ದಿನದೊಳಗೆ. ಮೊದಲ ಅವಧಿ ಹೆಚ್ಚೆಂದರೆ 30 ದಿನ. ರೋಗಿ ಹೆಂಗಸಾದ್ರೆ 3 ದಿನದೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ವರದಿ ಹೋಗಬೇಕು.

ಇದು ಕಥೆಗೆ ಅಡ್ಡಿ ಅಂತ ಮುಖ ಸಪ್ಪಗೆ ಮಾಡ್ಕೋಬೇಡಿ. ಪ್ರತಿನಿಧಿ ಗಂಡನೇ ಆಗಬೇಕಿಲ್ಲ. ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು, ಒಪ್ಪೋ ವಯಸ್ಕರು ಯಾರನ್ನ ಬೇಕಾದ್ರೂ ನೇಮಿಸಬಹುದು. ನಿಮ್ಮ ನಾಯಕಿ ಆರು ತಿಂಗಳ ಹಿಂದೆ ಅಂಥದ್ದೊಂದು ಹಾಳೆ ಬರೆದು ಯಾರ ಕೈಗೋ ಕೊಟ್ಟಿದ್ದಾಳೆ ಅಂದ್ಕೊಳ್ಳಿ. ಗಂಡನಿಗೆ ಆ ಹಾಳೆ ಇರೋದು ಗೊತ್ತು, ಯಾರ ಹತ್ತಿರ ಅಂತ ಗೊತ್ತಿಲ್ಲ. ಇನ್ನೂರು ಪುಟ ಓಡುತ್ತೆ.

ಉಳಿದ ತಪ್ಪುಗಳನ್ನ ಬೇಗ ಹೇಳಿಬಿಡ್ತೀನಿ. ಎಚ್ಚರ ಇರುವಾಗಲೇ ಕರೆಂಟ್ ಶಾಕ್ ಕೊಡೋ ದೃಶ್ಯ ಬೇಡ. ಅರಿವಳಿಕೆ, ಸ್ನಾಯು ಸಡಿಲಿಸೋ ಔಷಧಿ ಇಲ್ಲದೆ ಕೊಡೋದು 95ನೇ ಸೆಕ್ಷನ್ ಪ್ರಕಾರ ನಿಷಿದ್ಧ. ತೋಳಿಗೆ ಇಂಜೆಕ್ಷನ್ ಚುಚ್ಚಿದ ಎರಡು ಸೆಕೆಂಡಿಗೆ ಯಾರೂ ಮಲಗಲ್ಲ, ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತೆ. ಆ ಇಪ್ಪತ್ತು ನಿಮಿಷ ಅವಳು ಏನು ಹೇಳ್ತಾಳೆ ಅನ್ನೋದು ಒಳ್ಳೆ ಅಧ್ಯಾಯ ಆಗುತ್ತೆ. ಮತ್ತೆ ದಯವಿಟ್ಟು ಸ್ಕಿಜೋಫ್ರೇನಿಯಾ ಅಂದ್ರೆ ಒಳಗೆ ಇಬ್ಬರು ಮನುಷ್ಯರು ಅಂತ ಬರೀಬೇಡಿ. ಆ ಹೆಸರಿನ ಮೂಲದಲ್ಲಿ ‘ಸೀಳು’ ಅನ್ನೋ ಅರ್ಥ ಇರೋದ್ರಿಂದ ಆಗಿರೋ ಗೊಂದಲ ಅದು. ನೀವಂದ್ಕೊಂಡಿರೋ ಕಾಯಿಲೆಗೆ 1994ರಿಂದ ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಅಂತ ಬೇರೆ ಹೆಸರು.

ಪಾಪ್‌ಕಾರ್ನ್:
‘ಆಪ್ತಮಿತ್ರ’ದ ಗಂಗಾ ಅದೇ ತಾನೆ? ಅದು ಸರೀನಾ?

ಬಿಳಿಕೋಟು:
ಅದೇ ಗುಂಪಿಗೆ ಹಾಕಬಹುದು. ಒಂದು ನಾಟಕ ಆಡಿಸಿ ಗುಣ ಮಾಡೋದು ಮಾತ್ರ ಸಿನಿಮಾದಲ್ಲಷ್ಟೇ. ನಿಜದಲ್ಲಿ ವರ್ಷಗಟ್ಟಲೆ ಚಿಕಿತ್ಸೆ.

ರೀಲುಡಬ್ಬಿ:
ಅದು ಮೂಲ ಮಲಯಾಳಂ ‘ಮಣಿಚಿತ್ರತಾಳ್’, 1993. ನಮ್ಮದು 2004. ಎರಡರಲ್ಲಿ ಯಾವುದು ಹೆಚ್ಚು ಅಂತ ಇಲ್ಲಿ ಶುರು ಮಾಡಬೇಡಿ, ನಾನೂರು ಕಮೆಂಟು ದಾಟುತ್ತೆ.

ಚಿಲಕ:
ವಿಷ್ಣು ದಾದಾ.

ರೀಲುಡಬ್ಬಿ:
ಹೇಳಿದೆ ತಾನೆ.

ಪೇಡೆಊರು:
‘ಗ್ಯಾಸ್ ಲೈಟ್’ ಅಂತ ಲಂಡನ್‌ಗೆ ಹೋಗಿ ಬಂದ್ರಿ, ತ್ರಿವೇಣಿ ಮನಿ ಮುಂದ ನಿಲ್ಲಲಿಲ್ಲ ನೀವು. ಅವರು ಮನಃಶಾಸ್ತ್ರ ಓದಿದವರು. ‘ಶರಪಂಜರ’ದಾಗ ಕೊಲಿ ಇಲ್ಲ, ಚಾಕು ಇಲ್ಲ. ಆಸ್ಪತ್ರಿಯಿಂದ ಗುಣ ಆಗಿ ಬಂದ ಕಾವೇರಿನ್ನ ಮಂದಿ ನೋಡೋ ರೀತಿನ ಸಾಕು. ಜೋರಾಗಿ ನಕ್ಕರ ಹುಚ್ಚು, ಸುಮ್ಮನ ಕುಂತರ ಹುಚ್ಚು, ಮಗೂನ್ನ ಎತ್ತಕೊಳ್ಳಾಕ ಹೋದ್ರ ಗಾಬರಿ. ಪುಟ್ಟಣ್ಣ ಸಿನಿಮಾ ಮಾಡಿದಾಗ ಕಲ್ಪನಾ ಮುಖದ ಮ್ಯಾಲೆ ಅದನ್ನ ಇಟ್ಟರು. ಇಲ್ಲಿ ನಂಬಿಸಾಕ ಗಂಡ ಒಬ್ಬನ ಬೇಕಾಗಿಲ್ಲ, ಇಡೀ ಓಣಿನ ಆ ಕೆಲಸ ಮಾಡತದ. ಮಸಿಕುಡಿಕಿ ಅವರ, ನಿಮ್ಮ ಉಪಕಥಿಯೊಳಗ ಗಂಡ ಒಬ್ಬನ ಕೆಟ್ಟವ ಅಂದ್ರ ಅದು ಸಸ್ತಾ ಆಗತದ.

ಕತ್ತಲಕೋಣೆ:
ಈ ಮಾತಿಗೆ ನೂರು ಲೈಕು. ಹಾಲಿನವನೂ ‘ಹುಷಾರಾಗಿದ್ದೀರಾ ಅಮ್ಮಾ’ ಅಂತ ಎರಡು ಸಲ ಕೇಳಬೇಕು. ಒಂದು ಸಲ ಕೇಳಿದರೆ ಅದು ಉಪಚಾರ, ಎರಡನೇ ಸಲ ಕೇಳಿದರೆ ದಿಗಿಲು.

ಮಸಿಕುಡಿಕೆ:
ಎಲ್ಲರಿಗೂ ಶರಣು. ಹಾಳೆಯ ಉಪಾಯ, ಜೀರೋ ಬಲ್ಬು ಎರಡನ್ನೂ ತಗೊಂಡೆ. ಮೇಷ್ಟ್ರ ಸಾಮಾನು ಹಾಕಿ ಒಂದು ಪ್ಯಾರಾ ತಿದ್ದಿದ್ದೀನಿ, ಲಿಂಗ ಎಲ್ಲೂ ಇಲ್ಲ. ನೋಡಿ ಹೇಳಿ:

‘ಚಿಲಕ ಸದ್ದು ಮಾಡಲಿಲ್ಲ. ನಿನ್ನೆಯೇ ಎಣ್ಣೆ ಬಿಟ್ಟಾಗಿತ್ತು. ಒಳಗೆ ರಾಯರು ಎರಡು ಸಲ ಕೆಮ್ಮಿ ಮಗ್ಗುಲಾದರು. ತನ್ನ ಉಸಿರು ತನಗೇ ಕೇಳುತ್ತಿತ್ತು. ಕೈ ಗೋಡೆ ಸವರಿ ಸ್ವಿಚ್ಚಿನ ಮೇಲೆ ನಿಂತಿತು; ಒತ್ತಲಿಲ್ಲ. ಬೆಳಕು ಬೇಕಿರಲಿಲ್ಲ. ಚಿಕ್ಕವಳಿದ್ದಾಗಿನಿಂದ ಈ ಕೋಣೆಯ ಕತ್ತಲೆ ಗೊತ್ತು. ಮಂಚಕ್ಕೆ ಏಳು ಹೆಜ್ಜೆ, ಕಪಾಟಿಗೆ ಒಂಬತ್ತು.’

ಮೂರನೇಸಾಲು:
‘ಒತ್ತಲಿಲ್ಲ’ ಆದ ಮೇಲೆ ‘ಬೆಳಕು ಬೇಕಿರಲಿಲ್ಲ’ ಕಿತ್ತಾಕಿ. ಒಂದೇ ಮಾತು ಎರಡು ಸಲ. ಹೆಜ್ಜೆ ಲೆಕ್ಕ ಸೊಗಸಾಗಿದೆ.

ಹಳೇಮೇಷ್ಟ್ರು:
ಏಳನೇ ವಾಕ್ಯದ ಮೊದಲ ಪದ ಓದಿ.

ಮಸಿಕುಡಿಕೆ:
ಅಯ್ಯೋ ದೇವರೇ.

ಚಿಲಕ:
‘ಚಿಕ್ಕಂದಿನಿಂದ’ ಅಂತ ತಿದ್ದಿ. ಮೊಮ್ಮಗಳೇ ಅಂತ ನಾವೇನೂ ಯಾರಿಗೂ ಹೇಳಲ್ಲ.

ಪಾಪ್‌ಕಾರ್ನ್:
ಪ್ರಿಂಟ್ ಆಗದೇ ಇರೋ ಪುಸ್ತಕಕ್ಕೂ ಸ್ಪಾಯ್ಲರ್!